ಎರಡನೇ ಸಲ ಮಾಡಿದ ಪಟ್ಟಿ

ಮೂರು ವಾರದ ಹಿಂದೆ ನಮ್ಮ ಬೀದಿಯ ಹೋಟೆಲಿನಲ್ಲಿ ಊಟ ಮುಗಿಸಿ ಕೈತೊಳೆಯಲು ಎದ್ದಿದ್ದೆ. ಪಕ್ಕದ ಗೋಬಿ ಮಂಚೂರಿ ಕೌಂಟರಿನವನ ಕೈಯಿಂದ ವಿನಿಗರ್ ಬಾಟಲಿ ಜಾರಿ ಬಿದ್ದು ಒಡೆಯಿತು. ಹೊರಗೆ ಮದರಾಸಿನ ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ ಮಳೆ. ಒದ್ದೆ ನೆಲ, ಒದ್ದೆ ಗೋಣಿತಾಟು, ಅದರ ಮೇಲೆ ಈ ಹುಳಿ ವಾಸನೆ. ನಾನು ಕೈತೊಳೆಯದೆ ಹಾಗೆಯೇ ಬೀದಿಗೆ ಬಂದು ನಿಂತೆ.

ಹಳೆಯ ಫಿಲ್ಮು ಕೆಡಲು ತೊಡಗಿದಾಗ ಇದೇ ವಾಸನೆ ಬರುತ್ತದೆ. ಆರು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಈ ವಾಸನೆಯಲ್ಲಿ ಕೂತು ಕೆಲಸ ಮಾಡಿದ್ದೆ. ಆ ಮಳೆಗಾಲ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ತಾನು ಮಾಡಿದ ಒಂದು ವಸ್ತುವಿನ ಮೇಲಿನ ನಂಬಿಕೆ ಕಳೆದುಕೊಂಡಳು. ಅದು ನನ್ನಿಂದ ಆಯಿತು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಾನು ಉಡುಪಿ ಕಡೆಯವನು, ಎಸ್ಸೆಸ್ಸೆಲ್ಸಿ ಓದಿದವನು. ಮದರಾಸಿನ ಪ್ಯಾರೀಸ್ ಕಾರ್ನರಿನಲ್ಲಿ ದೊಡ್ಡಪ್ಪನ ಮಗನ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಸಪ್ಲೈ ನೋಡಿಕೊಂಡಿದ್ದೆ. ಹೋಟೆಲು ಮುಚ್ಚಿದ ಮೇಲೆ, ಅಲ್ಲಿಗೆ ದಿನಾ ಕಾಫಿಗೆ ಬರುತ್ತಿದ್ದ ಸೆಲ್ವಂ ಎನ್ನುವವರು ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ತಮ್ಮ ಸಣ್ಣ ಕಂಪನಿಗೆ ಕರೆದುಕೊಂಡರು. ಹಳೆಯ ಕಾಗದ, ಫೋಟೊ, ಫಿಲ್ಮುಗಳನ್ನು ಸ್ಕ್ಯಾನ್ ಮಾಡಿ ಡಿಸ್ಕಿಗೆ ಹಾಕಿಕೊಡುವ ಕೆಲಸ. ಆಗಲೇ ನನಗೆ ಅರವತ್ತು ದಾಟಿತ್ತು. ಕಂಪ್ಯೂಟರನ್ನು ನಾನು ಮಂತ್ರ ಕಲಿತ ಹಾಗೆ ಕಲಿತೆ, ಅರ್ಥ ಗೊತ್ತಿಲ್ಲದೆ, ಒಂದಕ್ಷರ ತಪ್ಪದೆ. ತಪ್ಪುವುದಿಲ್ಲ ಎನ್ನುವುದೇ ನನ್ನ ಹೆಸರಾಯಿತು. ಹೊಸಬರು ಬಂದರೆ ಸೆಲ್ವಂ ನನ್ನನ್ನು ತೋರಿಸಿ, "ಭಟ್ ಸಾರನ್ನು ನೋಡಿ ಕಲಿಯಿರಿ" ಎನ್ನುತ್ತಿದ್ದರು.

ವಸುಧಾ ಅಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಮುತ್ತಜ್ಜನ ಕಾಲದಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆಯ ಹುಡುಗಿ. ಬಿ.ಕಾಂ. ಓದಿ, ಪ್ರೋಗ್ರಾಂ ಬರೆಯುವುದನ್ನು ತಾನೇ ಕಲಿತಿದ್ದಳು. ಅವಳ ಕನ್ನಡದಲ್ಲಿ ಅರ್ಧ ತಮಿಳು. ನನ್ನನ್ನು ಮೊದಲ ದಿನದಿಂದಲೇ ಭಟ್ ಮಾಮಾ ಎಂದು ಕರೆದಳು.

ಆ ವರ್ಷ ಕೀಲ್ಪಾಕಿನ ಒಬ್ಬ ನಿವೃತ್ತ ಡಾಕ್ಟರು ಬಂದರು. ರೋಗ ಬಂದ ಅಂಗದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದು ಅವರ ವಿದ್ಯೆ. ನಲವತ್ತು ವರ್ಷ ತಾವು ನೋಡಿದ್ದನ್ನೆಲ್ಲ ಫೋಟೊ ತೆಗೆದು, ಸಣ್ಣ ಚೌಕಟ್ಟಿನ ಫಿಲ್ಮುಗಳಲ್ಲಿ ಇಟ್ಟಿದ್ದರು. ಏಳು ಸಾವಿರಕ್ಕೂ ಹೆಚ್ಚು. ಮದರಾಸಿನ ಸೆಕೆಗೆ ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು. ಅವನ್ನು ಉಳಿಸಿ, ವಿದ್ಯಾರ್ಥಿಗಳಿಗಾಗಿ ಒಂದು ಪುಸ್ತಕ ಮಾಡಬೇಕೆಂದು ಅವರ ಆಸೆ. ಸ್ಕ್ಯಾನ್ ಆದ ಮೇಲೆ ಫಿಲ್ಮು ಎಸೆದುಬಿಡಿ, ಮನೆಯಲ್ಲಿಟ್ಟರೆ ನನ್ನ ಹೆಂಡತಿಗೆ ಕೆಮ್ಮು, ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು.

ಆ ಚಿತ್ರಗಳ ಫೈಲುಗಳು ತುಂಬ ದೊಡ್ಡವು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಒಳಗೊಳಗೇ ಕೆಟ್ಟರೆ ಹೊರಗಿನಿಂದ ತಿಳಿಯುವುದಿಲ್ಲ. ಹೆಸರು ಅದೇ, ಗಾತ್ರ ಅದೇ. ಹಾಗಾಗಿ ವಸುಧಾ ಒಂದು ಸಣ್ಣ ಸಾಧನ ಬರೆಯಲು ಕೂತಳು. ಅದಕ್ಕೆ ಬಟನ್ನು, ಚಿತ್ರ ಏನೂ ಇಲ್ಲ. ಕಪ್ಪು ಪರದೆಯಲ್ಲಿ ಪದ ಟೈಪ್ ಮಾಡಿ ಎಂಟರ್ ಒತ್ತುವುದು, ಅಷ್ಟೇ. ಅದು ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಅರವತ್ತನಾಲ್ಕು ಅಕ್ಷರಗಳ ಒಂದು ಸಾಲು ಕೊಡುತ್ತದೆ. ಚಿತ್ರದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಮೊದಲು ಮೂಲ ಫೈಲುಗಳಿಗೆ ಆ ಸಾಲುಗಳ ಪಟ್ಟಿ ಮಾಡಿಡಬೇಕು. ನಕಲಾದ ಮೇಲೆ ನಕಲನ್ನು ಆ ಪಟ್ಟಿಯೊಡನೆ ತಾಳೆ ನೋಡಬೇಕು.

ಅವಳು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತು, ನಾನು ಏನೇನು ಮಾಡುತ್ತೇನೆಂದು ಒಂದೊಂದನ್ನೂ ಕೇಳಿ ಬರೆದುಕೊಂಡಳು. "ಅಪ್ಪುರಂ? ಅದಾದ ಮೇಲೆ ಏನು ಮಾಡ್ತೀರಿ ಮಾಮಾ?"

"ಕಾಫಿ ಕುಡೀತೇನೆ."

"ಅದನ್ನೂ ಬರ್ಕೊಂಡೆ."

ಮೊದಲ ಸಲ ಅವಳು ಮಾಡಿದ್ದು ಪ್ರತಿ ಫೈಲಿನ ಮುಂದೆಯೂ ಸರಿ, ಸರಿ, ಸರಿ ಎಂದು ಬರೆಯುತ್ತ ಹೋಯಿತು. ಸಾವಿರ ಸಾಲು ಕಣ್ಣಮುಂದೆ ಓಡಿತು. ಬೇಕೆಂದೇ ಅವಳು ಕೆಡಿಸಿಟ್ಟಿದ್ದ ಒಂದು ಫೈಲು ಆ ಗದ್ದಲದಲ್ಲಿ ನನಗೆ ಕಾಣಲೇ ಇಲ್ಲ.

"ಎಂತ ಮಗಾ ಇದು," ಎಂದೆ. "ಹೋಟೆಲಲ್ಲಿ ಸಪ್ಲೈಯರು ಇಡ್ಲಿ ಸರಿ ಉಂಟು, ಚಟ್ನಿ ಸರಿ ಉಂಟು ಅಂತ ಕೂಗುದಿಲ್ಲ ಮಾರಾಯ್ತಿ. ಯಾವುದು ಬರ್ಲಿಲ್ವೋ ಅದನ್ನು ಮಾತ್ರ ಕೂಗುದು. ಎಲ್ಲ ಬಂದ್ರೆ ಬಾಯಿ ಮುಚ್ಚಿಕೊಂಡು ಹೋಗುದು."

ಅವಳು ಅದನ್ನೂ ಬರೆದುಕೊಂಡಳು. ಮರುದಿನ ಸಾಧನ ಬಾಯಿ ಮುಚ್ಚಿತ್ತು. ಕೆಟ್ಟ ಫೈಲಿನ ಹೆಸರನ್ನು ಮಾತ್ರ ಹೇಳುತ್ತಿತ್ತು. ಕೊನೆಗೆ ಒಂದು ಸಾಲು: ಎಲ್ಲ ಸರಿ, ಅಥವಾ ಇಷ್ಟು ಹೊಂದುತ್ತಿಲ್ಲ. ಆಮೇಲೆ ನನಗೇ ಹೆದರಿಕೆಯಾಯಿತು. ಮೂರು ಗಂಟೆ ಸುಮ್ಮನಿದ್ದರೆ ಕೆಲಸ ಮಾಡುತ್ತಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ಅವಳು ನಕ್ಕು, ನೂರು ಫೈಲಿಗೊಂದು ಚುಕ್ಕೆ ಇಡುವ ಹಾಗೆ ಮಾಡಿದಳು.

ಅದಕ್ಕೆ ತಾಳೆ ಎಂದು ಹೆಸರಿಟ್ಟಳು. ಆಜ್ಞೆಗಳು ಎರಡೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ. ಪಟ್ಟಿ ಮಾಡಲು "ಮಾಡು", ಹೋಲಿಸಲು "ನೋಡು". ಸೆಲ್ವಂ ಹಿಂದಿನಿಂದ ಬಂದು ಪರದೆಯನ್ನು ನೋಡಿ, "ಎನ್ನಮ್ಮಾ, ಕಂಪ್ಯೂಟರುಕ್ಕು ಕನ್ನಡಂ ಸೊಲ್ಲಿಕ್ಕುಡುಕ್ಕಿರಿಯಾ?" ಎಂದು ಕೇಳಿದರು. ಕಂಪ್ಯೂಟರಿಗೆ ಕನ್ನಡ ಕಲಿಸುತ್ತಿದ್ದೀಯಾ ಎಂದು. "ಆಮಾ ಸಾರ್," ಎಂದಳು ಅವಳು, "ನಿಮಗಿಂತ ಬೇಗ ಕಲೀತಾ ಇದೆ."

ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಹಾಕಿದಳು. ಯಾವುದೋ ದೇಶದ ಒಬ್ಬರು, ಮನೆಯ ಫೋಟೊಗಳಿಗೆ ಇದನ್ನು ಬಳಸುತ್ತಿದ್ದೇನೆ, ನಿಮ್ಮ ಆಜ್ಞೆಗಳು ಯಾವ ಭಾಷೆ, ಎಂದು ಬರೆದಿದ್ದರು. ಆ ಪತ್ರವನ್ನು ಪ್ರಿಂಟ್ ತೆಗೆದು ತಂದು ನನಗೆ ತೋರಿಸಿದಳು. "ನನ್ನದೂ ಅಂತ ಇರೋ ಮೊದಲನೇ ವಸ್ತು ಮಾಮಾ," ಎಂದಳು. ಇದನ್ನು ತೋರಿಸಿ ಒಳ್ಳೆಯ ಕಡೆ ಪ್ರೋಗ್ರಾಂ ಬರೆಯುವ ಕೆಲಸ ಹುಡುಕಬೇಕೆಂದಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅವಳು ಗಟ್ಟಿ ಇದ್ದಳು. ಒಮ್ಮೆ ಪಟ್ಟಿ ಮಾಡಿದ ಮೇಲೆ ಅದರ ಮೇಲೆ ಇನ್ನೊಂದು ಪಟ್ಟಿ ಬರೆಯಲು ತಾಳೆ ಬಿಡುತ್ತಿರಲಿಲ್ಲ. ಪಟ್ಟಿ ಈಗಾಗಲೇ ಇದೆ ಎಂದು ಹೇಳಿ ನಿಂತುಬಿಡುತ್ತಿತ್ತು. ನನಗೆ ಇದು ಉಪದ್ರವಾಯಿತು. ಸ್ಕ್ಯಾನ್ ಮಾಡುವಾಗ ಒಂದೆರಡು ಚಿತ್ರ ಬಿಟ್ಟುಹೋಗಿ, ಆಮೇಲೆ ಸೇರಿಸುವುದಿರುತ್ತದೆ. ಪ್ರತಿ ಸಲವೂ ಹಳೆಯ ಪಟ್ಟಿಯನ್ನು ಹುಡುಕಿ ಅಳಿಸಬೇಕು. ನಾಲ್ಕು ದಿನ ಗೊಣಗಿದೆ.

"ಅದು ಬೇಕೂಂತ್ಲೇ ಹಾಗೆ ಇಟ್ಟಿರೋದು ಮಾಮಾ. ಪಟ್ಟಿ ಅಂದ್ರೆ ಸಾಕ್ಷಿ ಥರ. ಯಾರಾದ್ರೂ ತಿದ್ದಿಬಿಟ್ರೆ?"

"ಇಲ್ಲಿ ಪಟ್ಟಿ ಮಾಡುವವ ನಾನು ಒಬ್ಬ. ನಾನು ಎಂತ ತಿದ್ದುದು?"

ಅವಳು ನನ್ನ ಮುಖ ನೋಡಿದಳು. "ಸರಿ, ನಿಮಗೋಸ್ಕರ," ಎಂದು ಇನ್ನೊಂದು ಪದ ಸೇರಿಸಿಕೊಟ್ಟಳು. "ಮಾಡು" ಆದ ಮೇಲೆ "ಮತ್ತೆ" ಎಂದು ಟೈಪ್ ಮಾಡಿದರೆ ಹಳೆಯ ಪಟ್ಟಿ ಹೋಗಿ ಹೊಸದು ಬರುತ್ತದೆ.

ಗೋಡೆಯ ಮೇಲೆ ನನ್ನದೇ ಅಕ್ಷರದಲ್ಲಿ ನಿಯಮ ಬರೆದು ಅಂಟಿಸಿದ್ದೆ: ನಕಲು ಮಾಡು, ತಾಳೆ ನೋಡು, ಆಮೇಲೆ ಮೂಲವನ್ನು ಅಳಿಸು. ಎರಡು ತಿಂಗಳು ಹಾಗೆಯೇ ಮಾಡಿದೆ. ಪ್ರತಿ ಸಲವೂ ಎಲ್ಲ ಸರಿ. ದಿನಾ ಎಲ್ಲ ಸರಿ ಎನ್ನುವುದಕ್ಕಾಗಿ ಮೂರು ಗಂಟೆ ಕಾಯುವುದು ಆಮೇಲಾಮೇಲೆ ಭಾರವಾಯಿತು. ಯಾವಾಗ ಎಂದು ಗೊತ್ತಿಲ್ಲ, ನಾನು ಕ್ರಮ ಬದಲಿಸಿಕೊಂಡೆ. ನಕಲು ಮಾಡಿ, ಮೂಲವನ್ನು ಅಳಿಸಿ, ಮುಂದಿನ ಕೆಲಸ ಶುರುಮಾಡಿ, ಪುರುಸೊತ್ತಾದಾಗ ತಾಳೆ ನೋಡುತ್ತಿದ್ದೆ. ಊಟವಾದ ಮೇಲೆ ದೇವರಿಗೆ ನೈವೇದ್ಯ ಇಟ್ಟ ಹಾಗೆ.

ಡಾಕ್ಟರ ಕೆಲಸದ ಕೊನೆಯ ಕಂತು. ಎರಡು ದಿನದಿಂದ ಬಿಡದೆ ಮಳೆ. ಎಸ್ಟೇಟಿನ ರಸ್ತೆಯಲ್ಲಿ ಮೊಣಕಾಲು ನೀರು, ಸ್ಟೇಷನ್ನಿನಿಂದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಿದ್ದೆವು. ಮಧ್ಯಾಹ್ನ ನಕಲು ನಡೆಯುತ್ತಿರುವಾಗ ಕರೆಂಟು ಎರಡು ಸಲ ಹೋಗಿ ಬಂತು. ಯುಪಿಎಸ್ ಕೂಗಿಕೊಂಡಿತು. ಡಿಸ್ಕಿನ ದೀಪ ಆರಿ ಮತ್ತೆ ಹತ್ತಿತು. ನಕಲು ಮುಗಿಯಿತೆಂದು ಪರದೆ ಹೇಳಿತು. ನಾನು ಮೂಲವನ್ನು ಅಳಿಸಿದೆ. ಫಿಲ್ಮಿನ ಪೆಟ್ಟಿಗೆಗಳು ಬೆಳಿಗ್ಗೆಯೇ ಕಾರ್ಪೊರೇಷನ್ ಕಸದ ಗಾಡಿಯಲ್ಲಿ ಹೋಗಿದ್ದವು.

ಮರುದಿನ ಊಟಕ್ಕೆ ಮೊದಲು ತಾಳೆ ನೋಡಿದೆ. ಚುಕ್ಕೆಗಳು ಬರುತ್ತಿದ್ದವು. ಆಮೇಲೆ ಒಂದು ಹೆಸರು ಬಂತು. ಇನ್ನೊಂದು. ಆಮೇಲೆ ಸಾಲುಸಾಲಾಗಿ. ಕೊನೆಗೆ: ಇನ್ನೂರ ಹನ್ನೆರಡು ಹೊಂದುತ್ತಿಲ್ಲ.

ಕೇಬಲ್ ಬದಲಿಸಿ ಮತ್ತೆ ನೋಡಿದೆ. ಇನ್ನೂರ ಹನ್ನೆರಡು. ಒಂದು ಚಿತ್ರವನ್ನು ತೆರೆದೆ. ಮೇಲರ್ಧದಲ್ಲಿ ಆ ಗುಲಾಬಿ, ನೇರಳೆ ಬಣ್ಣದ ಹೆಣಿಗೆ ಎಷ್ಟು ಸ್ಪಷ್ಟವಾಗಿ ಇತ್ತೆಂದರೆ ಒಂದೊಂದು ಎಳೆ ಎಣಿಸಬಹುದಿತ್ತು. ಕೆಳಗಿನ ಅರ್ಧ ಬರೀ ಬೂದಿ ಬಣ್ಣ. ಇನ್ನೊಂದನ್ನು ತೆರೆದೆ, ಅದು ಪೂರ್ತಿ ಬೂದಿ. ಮೂಲ ಇಲ್ಲ. ಫಿಲ್ಮು ಇಲ್ಲ. ಗೋಡೆಯ ಮೇಲೆ ನನ್ನದೇ ಅಕ್ಷರದಲ್ಲಿ ನಿಯಮ.

ಇನ್ನು ಯಾರಿಗೆ ಹೇಳಿದರೂ ಆ ಚಿತ್ರಗಳು ಬರುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಹೋಗುವುದು ನನ್ನ ಹೆಸರು ಮಾತ್ರ. ಇಷ್ಟೇ ಯೋಚಿಸಿದ್ದು. ಹೆಚ್ಚು ಯೋಚಿಸಿದ್ದರೆ ಬೇರೆ ಏನಾದರೂ ಮಾಡುತ್ತಿದ್ದೆನೋ ಏನೋ, ಗೊತ್ತಿಲ್ಲ. ತಾಳೆ, ಮಾಡು, ಮತ್ತೆ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಅದು ಕೆಟ್ಟ ಫೈಲುಗಳನ್ನು ಇದ್ದ ಹಾಗೆ ಓದಿ, ಕೆಟ್ಟದ್ದೇ ಮೂಲವೆಂದು ಹೊಸ ಪಟ್ಟಿ ಬರೆಯಿತು. ಇನ್ನೊಮ್ಮೆ ನೋಡು ಎಂದೆ. ಎಲ್ಲ ಸರಿ ಎಂದಿತು.

ಊಟದ ಡಬ್ಬಿ ಹಿಡಿದುಕೊಂಡು ವಸುಧಾ ಬಂದಳು. "ಏನು ಮಾಮಾ, ಆಯ್ತಾ?"

"ಆಯ್ತು ಮಗಾ. ಎಲ್ಲ ಸರಿ."

ಅಂದು ಅವಳ ಮನೆಯ ಪುಳಿಯೋದರೆಯಲ್ಲಿ ನನಗೂ ಪಾಲು ಕೊಟ್ಟಳು. ತಿಂದೆ.

ಪೊಂಗಲ್ ಕಳೆದ ಮೇಲೆ ಡಾಕ್ಟರು ಬಂದರು. ಹಳದಿ ಬಟ್ಟೆಚೀಲದಲ್ಲಿ ನಾವು ಕೊಟ್ಟಿದ್ದ ಡಿಸ್ಕು, ಜೊತೆಗೆ ಕೆಟ್ಟ ಚಿತ್ರಗಳನ್ನು ಅವರೇ ಎಣಿಸಿ ಬರೆದ ಒಂದು ಪಟ್ಟಿ. ಸೆಲ್ವಂ, ವಸುಧಾ, ನಾನು, ಮೂವರೂ ನಿಂತಿದ್ದೆವು. ಅವರು ಬೂದಿ ಬಣ್ಣದ ಚಿತ್ರಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಬೈಯಲಿಲ್ಲ. ಒಂದರ ಮೇಲೆ ಬೆರಳಿಟ್ಟು, ಈ ರೋಗವನ್ನು ನಲವತ್ತು ವರ್ಷದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ, ಒಂಬತ್ತು ವರ್ಷದ ಮಗು, ಎಂದರು. ಪುಸ್ತಕ ಶುರುವಾಗುವುದೇ ಇದರಿಂದ, ಎಂದರು. ಆಮೇಲೆ ನನ್ನ ಕಡೆ ತಿರುಗಿ ಫಿಲ್ಮು ಇರಬಹುದೇ ಎಂದು ಕೇಳಿದರು.

"ನೀವೇ ಎಸೆಯಲು ಹೇಳಿದ್ದಿರಲ್ಲ ಸಾರ್," ಎಂದೆ.

ಅವರು ತಲೆಯಾಡಿಸಿದರು. "ಹೌದು, ನಾನೇ ಹೇಳಿದ್ದು."

ವಸುಧಾ ಕುರ್ಚಿ ಎಳೆದುಕೊಂಡು ಕೂತಳು. ಎಲ್ಲರೆದುರಿಗೆ ಆ ಡಿಸ್ಕನ್ನು ತಾಳೆ ನೋಡಿದಳು. ಎಲ್ಲ ಸರಿ ಎಂದು ಬಂತು. ಚಿತ್ರ ಬೂದಿ, ಸಾಧನ ಎಲ್ಲ ಸರಿ ಎನ್ನುತ್ತದೆ. ಸೆಲ್ವಂ ಹೊರಗೆ ಹೋದರು.

ಅಂದಿನಿಂದ ಅವಳು ತಪ್ಪು ಹುಡುಕತೊಡಗಿದಳು. ನನ್ನ ಪಕ್ಕದ ಅದೇ ಸ್ಟೂಲಿನಲ್ಲಿ ಕೂತು, ಒಳ್ಳೆಯ ಫೈಲುಗಳನ್ನು ಬೇಕೆಂದೇ ಕೆಡಿಸಿ ಕೊಡುತ್ತಿದ್ದಳು. ಮಧ್ಯದಲ್ಲಿ ಕತ್ತರಿಸಿ, ಕೊನೆಯಲ್ಲಿ ಸೊನ್ನೆ ತುಂಬಿಸಿ, ಒಂದೇ ಅಕ್ಷರ ಬದಲಿಸಿ. "ಹಿಡಿಯತ್ತೆ ಮಾಮಾ. ಪ್ರತೀ ಸಲ ಹಿಡಿಯತ್ತೆ. ಆವತ್ತು ಮಾತ್ರ ಯಾಕೆ ಹಿಡೀಲಿಲ್ಲ?" ಎನ್ನುತ್ತಿದ್ದಳು. ನಾನು ಅವಳಿಗೆ ಕಾಫಿ ತಂದುಕೊಡುತ್ತಿದ್ದೆ.

ಒಂದು ದಿನ ಪಟ್ಟಿಯ ತಾರೀಕು ನೋಡಿದಳು. "ಇದು ನಕಲಾದ ಮಾರನೇ ದಿನದ್ದು. ಮಾಮಾ, ನೀವು ಇದಕ್ಕೆ 'ಮತ್ತೆ' ಕೊಟ್ಟಿದ್ರಾ?"

ಅವಳ ದನಿಯಲ್ಲಿ ಸಂಶಯವಿರಲಿಲ್ಲ. ನಾನು ಕೊಟ್ಟಿದ್ದೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ," ಎಂದೆ.

"ಹಾಗಾದ್ರೆ ಕಾಪಿ ಮಾಡುವಾಗ ಡೇಟ್ ಬದಲಾಗಿರಬೇಕು," ಎಂದು ಆ ದಾರಿಯನ್ನು ಅವಳೇ ಮುಚ್ಚಿದಳು. ಯಂತ್ರದ ತಾರೀಕಿಗಿಂತ ನನ್ನ ಒಂದು ಮಾತು ಅವಳಿಗೆ ಹೆಚ್ಚಾಯಿತು. ಆಮೇಲೆ ಎರಡು ತಿಂಗಳು ಇಲ್ಲದ ತಪ್ಪನ್ನು ಹುಡುಕಿದಳು. ಬರೆದ ಸಾಲುಗಳನ್ನೆಲ್ಲ ಕಾಗದಕ್ಕೆ ಇಳಿಸಿ, ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಮೊದಲಿನಿಂದ ಓದುತ್ತಿದ್ದಳು. ಮುಗಿದ ಮೇಲೆ ಗುರುತುಗಳನ್ನು ಅಳಿಸಿ ಮತ್ತೆ ಮೊದಲಿನಿಂದ. ಮುಖ ಸಣ್ಣದಾಯಿತು. ಮಾತಿನ ನಡುವೆ, ನನಗೆ ಈ ಕೆಲಸ ಬರಲ್ಲ ಅನ್ಸತ್ತೆ, ಎನ್ನುವುದು ಹೆಚ್ಚಾಯಿತು. ಹಾಗೆ ಹೇಳ್ಬೇಡ ಮಗಾ ಎಂದು ನಾನು ಸಮಾಧಾನ ಮಾಡುತ್ತಿದ್ದೆ. ಈಗ ನೆನೆದರೆ, ಆ ಸಮಾಧಾನ ಮಾಡಿದ್ದೇ ಎಲ್ಲಕ್ಕಿಂತ ಕೀಳು ಕೆಲಸ.

ಸೆಲ್ವಂ ತಾಳೆಯನ್ನು ನಿಲ್ಲಿಸಿಬಿಡಿ ಎಂದರು. ಯುಗಾದಿಯ ಸುಮಾರಿಗೆ, ಪಂಗುನಿ ತಿಂಗಳ ಬಿಸಿಲು ಶುರುವಾಗುವ ಹೊತ್ತಿಗೆ ವಸುಧಾ ಕೆಲಸ ಬಿಟ್ಟಳು. ಬಿಡುವ ಮೊದಲು, ಇಂಟರ್ನೆಟ್ಟಿನಲ್ಲಿ ತಾಳೆ ಇಟ್ಟಿದ್ದ ಪುಟದ ತುದಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ನನಗೂ ಓದಿ ಹೇಳಿದಳು. ಇದನ್ನು ನಂಬಿ ಬಳಸಬೇಡಿ. ಇದರಲ್ಲಿ ಒಂದು ತಪ್ಪಿದೆ, ಎಲ್ಲಿದೆ ಎಂದು ನನಗೆ ತಿಳಿದಿಲ್ಲ. "ಪಾವಂ, ಬೇರೆಯವರ ಫೋಟೊ ಹಾಳಾಗಬಾರದಲ್ಲ ಮಾಮಾ," ಎಂದಳು.

ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಸೇರಿದಳೆಂದು ತಿಳಿಯಿತು. ಮದುವೆಯಾಯಿತು. ಮೊದಲ ಎರಡು ವರ್ಷ ದೀಪಾವಳಿಗೆ ಫೋನ್ ಮಾಡುತ್ತಿದ್ದಳು. ಡಾಕ್ಟರು ತೀರಿಕೊಂಡರೆಂದು ಸೆಲ್ವಂ ಹೇಳಿದರು. ಪುಸ್ತಕ ಬರಲಿಲ್ಲ. ನಾನು ಇನ್ನೂ ಮೂರು ವರ್ಷ ಅಲ್ಲೇ ಕೆಲಸ ಮಾಡಿದೆ, ಅದೇ ಹೆಸರಿನಿಂದ.

ವಿನಿಗರ್ ಬಾಟಲಿ ಒಡೆದ ಮರುದಿನ ಅವಳಿಗೆ ಫೋನ್ ಮಾಡಿದೆ.

"ಭಟ್ ಮಾಮಾ, ಎಷ್ಟು ದಿನ ಆಯ್ತು. ಮಂಡಿನೋವು ಹೇಗಿದೆ?"

ಒಂದೂ ಬಿಡದೆ, ನಡೆದ ಹಾಗೆ ಹೇಳಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು. "ಕೊಂಚ ಇರಿ," ಎಂದು ಅದನ್ನು ಆರಿಸಿ ಬಂದಳು.

"ಅಂದ್ರೆ ಅದು ಹೇಳಿತ್ತಾ?"

"ಹೇಳಿತ್ತು."

"ಎಷ್ಟು?"

"ಇನ್ನೂರ ಹನ್ನೆರಡು."

"ಡಾಕ್ಟರ್ ಬರ್ಕೊಂಡು ಬಂದಿದ್ದ ಪಟ್ಟಿಯಲ್ಲೂ ಇನ್ನೂರ ಹನ್ನೆರಡೇ ಇತ್ತು," ಎಂದಳು. ಆರು ವರ್ಷದ ಮೇಲೂ ಅವಳಿಗೆ ಆ ಸಂಖ್ಯೆ ನೆನಪಿತ್ತು. "ಒಂದೂ ಬಿಟ್ಟಿರ್ಲಿಲ್ಲ."

ನಾನು ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಅವಳು ಹೂಂ ಎನ್ನುತ್ತಿದ್ದಳು. ಅವಳ ಸ್ವಭಾವ ಹಾಗೆ.

ಆಮೇಲೆ ಹೇಳಿದಳು, "ಆ 'ಮತ್ತೆ' ನಾನು ಹಾಕ್ಬಾರದಿತ್ತು. ಹಾಕಿದ್ರೂ ಹಳೇ ಪಟ್ಟೀನ ಪಕ್ಕದಲ್ಲಿ ಎತ್ತಿಟ್ಟು ಹೊಸದು ಬರೀಬೇಕಿತ್ತು. ಎರಡು ಲೈನ್ ಕೆಲಸ."

"ಅದು ನಿನ್ನ ತಪ್ಪಲ್ಲ ಮಗಾ."

"ನನ್ನ ತಪ್ಪು ಯಾವುದು ಅಂತ ನೀವು ಹೇಳ್ಬೇಡಿ." ಅವಳು ನನ್ನ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಏರಿಸಿದ್ದೂ ಅಷ್ಟೇ. "ಆಮೇಲೆ ನಾನು ಒಂದು ಲೈನ್ ಕೂಡ ಬರೀಲಿಲ್ಲ. ಗೊತ್ತಾ ನಿಮಗೆ?"

"ಗೊತ್ತು."

"ಗೊತ್ತಿದ್ದೂ ದೀಪಾವಳಿಗೆ ಫೋನ್ ಮಾಡಿದಾಗ ಸಿಹಿ ಬಕ್ಷಣ ಏನು ಮಾಡಿದೆ ಅಂತ ಕೇಳಿದ್ರಿ."

ಒಳಗಿನಿಂದ ಮಗು ತಮಿಳಿನಲ್ಲಿ ಅಮ್ಮನನ್ನು ಕರೆಯಿತು. ಎಷ್ಟೇ ತಮಿಳು ಬೆರೆಸಿದರೂ ಕನ್ನಡ ಬಿಟ್ಟು ನನ್ನೊಡನೆ ಎಂದೂ ಮಾತಾಡದವಳು, "ಸರಿ ಸಾರ್, ವೆಚ್ಚುಡರೇನ್," ಎಂದು ಫೋನ್ ಇಟ್ಟಳು. ಇಡುತ್ತೇನೆ ಎಂದಷ್ಟೇ ಅದರ ಅರ್ಥ. ಮಾಮಾ ಎನ್ನಲಿಲ್ಲ.

ಅಂದಿನಿಂದ ದಿನವೂ ಬೆಳಿಗ್ಗೆ ಕಾಫಿಯಾದ ಮೇಲೆ ಮೊಬೈಲಿನಲ್ಲಿ ಆ ಪುಟವನ್ನು ತೆರೆದು ನೋಡುತ್ತೇನೆ. ಹೇಳಿದ್ದರಿಂದ ಏನಾದರೂ ಬದಲಾಗುತ್ತದೆ, ಆ ಎರಡು ಸಾಲನ್ನು ಅವಳು ತೆಗೆದುಹಾಕುತ್ತಾಳೆ ಎಂದು ಆಸೆಯಿತ್ತು. ಹೆಚ್ಚುಕಡಿಮೆ ಮೂರು ವಾರ ಹಾಗೆಯೇ ಇದ್ದವು. ನಿನ್ನೆ ತೆರೆದಾಗ ಎರಡನೆಯ ಸಾಲು ಇರಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿದಿಲ್ಲ ಎನ್ನುವ ಸಾಲು ಹೋಗಿತ್ತು. ಇವತ್ತೂ ನೋಡಿದೆ. ಮೊದಲಿನದು ಹಾಗೆಯೇ ಇದೆ. ಇದನ್ನು ನಂಬಿ ಬಳಸಬೇಡಿ.